ಶಂಕರಿಯಕ್ಕನಿಗೆ ಒಂದು ಫೋಟೊ

ಶಂಕರಿಯಕ್ಕ ತೀರಿಕೊಂಡು ವರ್ಷ ತುಂಬುತ್ತ ಬಂದಾಗ ಮನೆಯಲ್ಲಿ ಫೋಟೊದ ಮಾತು ಎದ್ದಿತು.

ಅವಳು ನನ್ನ ಒಡಹುಟ್ಟಿದ ಅಕ್ಕ. ನನಗೆ ಹೆಂಡತಿ ಮಕ್ಕಳು ಅಂತ ಯಾರೂ ಇಲ್ಲ. ಮೊಣಕಾಲು ಸೋತ ಮೇಲೆ ಪುತ್ತಿಗೆಯಲ್ಲಿ ಮಾರ್ಗದ ಬದಿಗಿರುವ ಅವಳ ಮನೆಗೆ ಬಂದು ಸೇರಿದೆ. ಅವಳು ಹೋದ ಮೇಲೂ ಅಲ್ಲಿಯೇ ಉಳಿದಿದ್ದೇನೆ. ಯಾರೂ ಹೋಗು ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಮನೆ ನಡೆಸುವವನು ಅಕ್ಕನ ದೊಡ್ಡ ಮಗ ಮಹಾಗಣಪತಿ. ಮದುವೆ, ಉಪನಯನಗಳಿಗೆ ಅಡಿಗೆ ಮಾಡುವುದು ಅವನ ಕಸುಬು. ಹೆಂಡತಿ ಪರಮೇಶ್ವರಿ. ಅವರಿಗೆ ಮಕ್ಕಳಾಗಲಿಲ್ಲ. ಚಿಕ್ಕ ಮಗ ಶ್ರೀಕೃಷ್ಣ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಎಂಟು ವರ್ಷದ ಹಿಂದೆ ಬೈಕಿನಿಂದ ಬಿದ್ದು ತೀರಿಹೋದ. ಅವನ ಹೆಂಡತಿ ದೇವಕಿ, ಮಗಳು ಶ್ರೀವಾಣಿ. ಶ್ರೀವಾಣಿಗೆ ಕುಂಬಳೆಯ ಒಂದು ಸಹಕಾರಿ ಸಂಘದಲ್ಲಿ ಕೆಲಸ. ಬಾಯಾರಿನ ಜಿತೇಂದ್ರ ಎಂಬ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಸೂತಕದ ವರ್ಷದಲ್ಲಿ ಶುಭಕಾರ್ಯ ಆಗದು ಅಂತ ಮದುವೆಯನ್ನು ವರ್ಷಾಂತದ ಶ್ರಾದ್ಧ ಕಳೆದ ಮೇಲಕ್ಕೆ ಇಟ್ಟಿದ್ದರು. ಹಾಗಾಗಿ ಒಂದೇ ಮನೆಯಲ್ಲಿ ಎರಡು ಕಾರ್ಯಕ್ಕೆ ಒಟ್ಟೊಟ್ಟಿಗೆ ಅಕ್ಕಿ ಬೇಳೆ ಆರಿಸುವುದು ನಡೆದಿತ್ತು.

“ಅಮ್ಮನದೊಂದು ಫೋಟೊ ಆಗಬೇಕು,” ಎಂದ ಮಹಾಗಣಪತಿ, ರಾತ್ರಿಯ ಗಂಜಿಗೆ ಮಜ್ಜಿಗೆ ಹೊಯ್ದುಕೊಳ್ಳುತ್ತ. “ಚಾವಡಿಯಲ್ಲಿ ಅಪ್ಪನದು ಉಂಟು, ತಮ್ಮನದು ಉಂಟು. ವರ್ಷಾಂತಕ್ಕೆ ಬಂದವರು ಅಮ್ಮನದು ಎಲ್ಲಿ ಅಂತ ಕೇಳ್ತಾರೆ.”

“ಆಧಾರ್ ಕಾರ್ಡಿನದ್ದು ಉಂಟಲ್ಲ ದೊಡ್ಡಪ್ಪ,” ಎಂದಳು ಶ್ರೀವಾಣಿ.

“ಅದಾ?” ಪರಮೇಶ್ವರಿ ಉಪ್ಪಿನಕಾಯಿಯ ಭರಣಿ ಮುಚ್ಚುತ್ತ ಹೇಳಿದಳು. “ತೆಂಗಿನಕಾಯಿ ಕದಿಯುವಾಗ ಸಿಕ್ಕಿಬಿದ್ದ ಹಾಗೆ ಉಂಟು ಅದರಲ್ಲಿ ಅತ್ತೆಯ ಮುಖ. ಅದನ್ನು ಗೋಡೆಗೆ ಹಾಕ್ತೀರಾ?”

ನನಗೂ ನಗು ಬಂತು. ಆಧಾರ್ ತೆಗೆಯುವ ದಿನ ಅಕ್ಕನ ಜೊತೆ ನಾನೇ ಹೋಗಿದ್ದೆ. ಕಣ್ಣು ಮುಚ್ಚಬೇಡಿ ಅಜ್ಜಿ ಅಂತ ಆ ಹುಡುಗಿ ಹೇಳಿದ್ದೇ ತಡ, ಅಕ್ಕ ಕಣ್ಣು ಅರಳಿಸಿ, ಉಸಿರು ಕಟ್ಟಿ ಕೂತಳು. ಹೊರಗೆ ಬಂದ ಮೇಲೆ ನನಗೆ ಹೇಳಿದ್ದಳು, “ನನ್ನ ಮುಖ ಅವರಿಗೆ ಎಂತಕ್ಕೆ, ಕಿಟ್ಟ?”

“ಹಳೆ ಆಲ್ಬಮ್ ನೋಡುವ,” ಎಂದ ಮಹಾಗಣಪತಿ. “ಎರಡು ಮದುವೆ ಆಗಿದೆ ಮನೆಯಲ್ಲಿ. ಎಲ್ಲಿಯಾದರೂ ಇರ್ತದೆ.”

ದೇವಕಿ ಮಾತು ಕಡಿಮೆಯವಳು. ಎಲ್ಲರ ಬಟ್ಟಲು ತೆಗೆದುಕೊಂಡು ತೊಳೆಯಲು ಹೋದಳು.

ಆದಿತ್ಯವಾರ ಕಪಾಟಿನ ತಳದಿಂದ ಆಲ್ಬಮ್‌ಗಳನ್ನು ಹೊರಗೆ ತೆಗೆದರು. ಹಾಳೆ ಹಾಳೆಯ ನಡುವಿನ ತೆಳು ಕಾಗದ ಅಂಟಿಕೊಂಡಿತ್ತು. ಶ್ರೀವಾಣಿ ಉಗುರಿನಿಂದ ಮೆಲ್ಲ ಬಿಡಿಸುತ್ತಿದ್ದಳು. ದೇವಕಿ ಕೈಗೆ ಎಣ್ಣೆ ಹಚ್ಚಿಕೊಂಡು ಚಾವಡಿಯ ಬಾಗಿಲಲ್ಲಿ ಎಳೆ ಹಲಸಿನ ಗುಜ್ಜೆ ಕೊಚ್ಚುತ್ತ ಕೂತಿದ್ದಳು.

ಮೊದಲು ಮಹಾಗಣಪತಿಯ ಮದುವೆಯದು, ಕಪ್ಪು ಬಿಳುಪು. ತೆಳ್ಳಗಿನ ಮಹಾಗಣಪತಿ, ತಲೆ ತಗ್ಗಿಸಿದ ಪರಮೇಶ್ವರಿ.

“ದೊಡ್ಡಮ್ಮಾ, ನಿಮಗೆ ಎಂತ ಜಡೆ,” ಎಂದಳು ಶ್ರೀವಾಣಿ.

“ಅದರಲ್ಲಿ ಅರ್ಧ ಚೌರಿ,” ಎಂದಳು ಪರಮೇಶ್ವರಿ. “ಇದು ನನ್ನ ಅಪ್ಪ ನೋಡು. ಈ ಅಂಗಿ ಯಾರದ್ದೋ ಬೇಡಿ ತಂದದ್ದು, ಭುಜ ನೋಡು ಎಲ್ಲಿಗೆ ಇಳಿದಿದೆ.” ಅವಳು ಆ ಹಾಳೆಯನ್ನು ಬೇಗ ತಿರುಗಿಸಲು ಬಿಡಲಿಲ್ಲ. ಅಪ್ಪ ಆ ಮದುವೆಗೆಂದು ಶಿರಿಯದಿಂದ ನಡೆದುಕೊಂಡೇ ಬಂದದ್ದು, ಬಂದವನಿಗೆ ಕಾಲು ತೊಳೆಯಲು ನೀರು ಕೊಡಲು ಯಾರೂ ನೆನಪು ಮಾಡದ್ದು, ಎಲ್ಲ ಹೇಳಿದಳು. ನಲವತ್ತು ವರ್ಷದ ಹಿಂದಿನ ಸಿಟ್ಟು ಇನ್ನೂ ಬಿಸಿಯಾಗಿತ್ತು.

“ನೀರು ಕೊಟ್ಟಿದ್ದೆವು,” ಎಂದ ಮಹಾಗಣಪತಿ.

“ಯಾರು ಕೊಟ್ಟದ್ದು? ಹೆಸರು ಹೇಳಿ.”

ಅವನು ಹಾಳೆ ತಿರುಗಿಸಿದ. ಮಂಟಪ, ಊಟದ ಪಂಕ್ತಿ, ನೆಂಟರ ಗುಂಪು. ನಾನು ಒಂದು ಕಡೆ ನೀರಿನ ಕೊಡಪಾನ ಹಿಡಿದು ನಿಂತಿದ್ದೆ. ಅಕ್ಕ ಎಲ್ಲಿಯೂ ಇಲ್ಲ.

ಮತ್ತೆ ದೇವಕಿಯ ಮದುವೆಯ ಆಲ್ಬಮ್ ತೆರೆದರು, ಬಣ್ಣದ್ದು. ಶ್ರೀಕೃಷ್ಣ ನಗುತ್ತಿದ್ದ. ದೇವಕಿ ಕತ್ತಿ ನಿಲ್ಲಿಸಿ ಅತ್ತ ನೋಡಿದಳು, ಮತ್ತೆ ಕೊಚ್ಚತೊಡಗಿದಳು. ಅದರಲ್ಲಿಯೂ ಅಕ್ಕ ಇಲ್ಲ. ಕೊನೆಯ ಹಾಳೆಗಳಲ್ಲಿ ಊಟದ ಒಂದು ಫೋಟೊ ಇತ್ತು. ಬಡಿಸುವವರ ಹಿಂದೆ ಅಡಿಗೆಕೋಣೆಯ ಬಾಗಿಲು. ಆ ಬಾಗಿಲಿಂದ ಒಂದು ಕೈ ಹೊರಗೆ ಬಂದು ಸಾರಿನ ಬಾಲ್ದಿ ದಾಟಿಸುತ್ತಿತ್ತು. ಮೊಣಕೈವರೆಗೆ ಮಾತ್ರ.

“ಇದು ಯಾರು?” ಎಂದಳು ಶ್ರೀವಾಣಿ.

ಯಾರಿಗೂ ಗೊತ್ತಾಗಲಿಲ್ಲ. ಕೂತಲ್ಲಿಂದಲೇ ಕತ್ತು ಉದ್ದ ಮಾಡಿ ನೋಡಿ ದೇವಕಿ ಹೇಳಿದಳು, “ಅತ್ತೆ. ಕೈಯಲ್ಲಿ ಬಳೆ ಇಲ್ಲ ನೋಡು.”

ಶ್ರೀವಾಣಿ ಆ ಹಾಳೆಯನ್ನು ದೊಡ್ಡಪ್ಪನ ಕಡೆ ತಿರುಗಿಸಿ ಹಿಡಿದಳು.

“ಅಲ್ಲ ದೊಡ್ಡಪ್ಪ,” ಎಂದಳು ಶ್ರೀವಾಣಿ, “ಎರಡು ಗಂಡುಮಕ್ಕಳ ಮದುವೆ. ಒಂದು ಫೋಟೊಕ್ಕೂ ಅಜ್ಜಿ ಬರಲಿಲ್ವಾ? ಯಾರೂ ಕರೆಯಲಿಲ್ವಾ?”

“ಅಡಿಗೆಮನೆಯಲ್ಲಿ ಇದ್ದರು.”

“ಎಂತಕ್ಕೆ? ಅಡಿಗೆಗೆ ಜನ ಇರಲಿಲ್ವಾ?”

“ಎಂತಕ್ಕೆ ಅಂದರೆ ಎಂತ ಹೇಳುದು? ಅಪ್ಪ ಇರಲಿಲ್ಲ. ಗಂಡ ಇಲ್ಲದವರು ಮಂಟಪದ ಹತ್ತಿರ ಬರುದಿಲ್ಲ ಆಗ. ಅಮ್ಮನೇ ಬರುದಿಲ್ಲ ಹೇಳಿದ್ದು.”

ಶ್ರೀವಾಣಿ ಆಲ್ಬಮ್ ಮುಚ್ಚಿದಳು. “ಹಾಗಾದರೆ ನನ್ನ ಮದುವೆಗೆ ಅಮ್ಮ ಎಲ್ಲಿ ಇರುದು?”

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಧಾರೆ ಎರೆಯುವುದು ದೊಡ್ಡಪ್ಪ ದೊಡ್ಡಮ್ಮ ಎಂದು ಮಾತು ಆಗಿತ್ತು. ದೇವಕಿ ಎಲ್ಲಿರುತ್ತಾಳೆ ಎಂಬುದಕ್ಕೆ ಮಾತೇ ಬೇಕಾಗಿರಲಿಲ್ಲ.

“ನಿನ್ನ ಅಮ್ಮ ಮದುವೆಯಲ್ಲಿಯೇ ಇರ್ತಾಳೆ. ಇನ್ನೆಲ್ಲಿ ಹೋಗ್ತಾಳೆ?” ಎಂದಳು ಪರಮೇಶ್ವರಿ.

“ಮಂಟಪದಲ್ಲಾ, ಅಡಿಗೆಮನೆಯಲ್ಲಾ?”

“ವಾಣೀ, ಸಾಕು,” ಎಂದಳು ದೇವಕಿ. “ಗುಜ್ಜೆ ಕಪ್ಪಾಗ್ತದೆ. ಒಂದು ಪಾತ್ರೆಯಲ್ಲಿ ನೀರು ತಾ.”

“ನೀನು ಮಂಟಪಕ್ಕೆ ಬಾರದಿದ್ದರೆ ನಾನೂ ಬರುದಿಲ್ಲ.”

“ಬಾಯಾರಿನವರ ಎದುರು ಹಾಗೆ ಹೇಳು, ಚಂದ ಆಗ್ತದೆ,” ಎಂದು ದೇವಕಿ ತಾನೇ ನೀರು ತರಲು ಎದ್ದಳು.

ಆ ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ಶ್ರೀವಾಣಿ ಬೆಳಿಗ್ಗೆ ನೀರುದೋಸೆ ನಿಂತುಕೊಂಡೇ ತಿಂದು ಬಸ್ಸಿಗೆ ಓಡುತ್ತಿದ್ದಳು. ಪರಮೇಶ್ವರಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಕಾಗೆ ಓಡಿಸಲು ನಾನು ಕೋಲು ಹಿಡಿದು ಕೂತಿರುತ್ತಿದ್ದೆ.

“ಮಾವ, ನೀವು ಹೇಳಿ,” ಎಂದಳು ಒಂದು ದಿನ, ಹಪ್ಪಳ ಮಗುಚಿ ಹಾಕುತ್ತ. “ನಾನು ಎಂತ ತಪ್ಪು ಮಾಡಿದ್ದೇನೆ? ಈ ಹುಡುಗಿಗೆ ಮೀಯಿಸಿದ್ದು ನಾನು. ಜ್ವರ ಬಂದಾಗ ಕೂತದ್ದು ನಾನು. ನನಗೆ ಹೊಟ್ಟೆಯಲ್ಲಿ ಒಂದೂ ನಿಲ್ಲಲಿಲ್ಲ. ಧಾರೆ ಎರೆಯಲಿಕ್ಕೆ ನನಗೆ ಇನ್ನೊಬ್ಬಳು ಮಗಳು ಬರ್ತಾಳಾ? ಇರುದು ಇದೊಂದು.”

“ಧಾರೆ ಬೇಡ ಅಂತ ನಿನಗೆ ಯಾರು ಹೇಳಿದರು?”

“ಬಾಯಿಂದ ಹೇಳಲಿಲ್ಲ. ಅವಳು ನನ್ನ ಮುಖ ನೋಡುದಿಲ್ಲ ಈಗ. ಸೀರೆ ತೋರಿಸ್ಲಿಕ್ಕೆ ಹೋದೆ, ಒಳ್ಳೆದುಂಟು ಹೇಳಿ ಫೋನು ನೋಡ್ತಾ ಕೂತಳು.”

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಕಾಗೆ ಓಡಿಸಿದೆ. ಅವಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಫೋಟೊಕ್ಕೆ ಬೇರೆ ದಾರಿ ಕಾಣದೆ ಮಹಾಗಣಪತಿ ಆಧಾರ್ ಕಾರ್ಡನ್ನು ಸೀತಾಂಗೋಳಿಯ ಸ್ಟುಡಿಯೊಕ್ಕೆ ಕೊಂಡುಹೋಗಿ ಕೊಟ್ಟ. ಸ್ಟುಡಿಯೊದ ಯೋಗೀಶ್ ಒಳ್ಳೆಯವನು. ಮದುವೆಯ ಫೋಟೊಕ್ಕೂ ಅವನನ್ನೇ ಹೇಳಿ ಆಗಿತ್ತು. “ಚಂದ ಮಾಡಿ ಕೊಡುವ ಅಣ್ಣ, ಈಗ ಎಲ್ಲ ಕಂಪ್ಯೂಟರ್ ಅಲ್ವಾ?” ಅಂದನಂತೆ. ಅಜ್ಜಿಗೆ ಎಂತ ಸೀರೆ, ಹಣೆ ಹೇಗೆ ಅಂತ ಅವನು ಕೇಳಲಿಲ್ಲ, ಇವನು ಹೇಳಲಿಲ್ಲ.

ಫೋಟೊ ಬಂದ ದಿನ ಸಂಜೆ ಎಲ್ಲರೂ ಇದ್ದೆವು. ಮಹಾಗಣಪತಿ ಕಟ್ಟಿದ ಪೇಪರು ಬಿಡಿಸಿ ಅದನ್ನು ಕುರ್ಚಿಯ ಮೇಲೆ ಒರಗಿಸಿಟ್ಟ.

ಮುಖ ಅಕ್ಕನದೇ. ಅರಳಿದ ಕಣ್ಣನ್ನು ಯೋಗೀಶ್ ಸ್ವಲ್ಪ ತಗ್ಗಿಸಿದ್ದ, ಕೆನ್ನೆ ತುಂಬಿಸಿದ್ದ. ಆದರೆ ಮೈ ಬೇರೆ ಯಾರದ್ದೋ. ಹಸಿರು ಪಟ್ಟೆ ಸೀರೆ, ಜರಿಯ ಅಂಚು. ಕುತ್ತಿಗೆಯಲ್ಲಿ ಕರಿಮಣಿ. ಹಣೆಯ ಮೇಲೆ ಕಾಸಿನಗಲದ ಕುಂಕುಮ.

“ಅಯ್ಯೋ ದೇವರೇ,” ಎಂದಳು ಪರಮೇಶ್ವರಿ. “ಇದೆಂತ ಮಾಡಿದ್ದಾನೆ ಅವ? ಅತ್ತೆ ಮುಂಡೆ ಆದದ್ದು ಇಡೀ ಊರಿಗೆ ಗೊತ್ತುಂಟು. ಅಂಚಿನ ಸೀರೆ ಉಟ್ಟದ್ದೇ ನಾನು ನೋಡಲಿಲ್ಲ.”

“ವಯಸ್ಸಾದ ಹೆಂಗಸರಿಗೆ ಹಾಕಲಿಕ್ಕೆ ಅವನ ಹತ್ತಿರ ಇದೊಂದೇ ಮೈ ಇರುದು ಕಾಣ್ತದೆ,” ಎಂದಳು ಶ್ರೀವಾಣಿ. ಅವಳಿಗೆ ನಗು ತಡೆಯಲಾಗಲಿಲ್ಲ. “ಪಕ್ಕದ ಮನೆಯ ಭಟ್ರ ಅತ್ತೆಯ ಫೋಟೊದಲ್ಲಿಯೂ ಇದೇ ಸೀರೆ ಇತ್ತು.”

ಮಹಾಗಣಪತಿ ಅರವತ್ತು ದಾಟಿದ, ದೊಡ್ಡ ಹೊಟ್ಟೆಯ ಗಂಡಸು. ಫೋಟೊದ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅವನ ಗಲ್ಲದ ಮೇಲೆ ನೀರು ಇಳಿಯುವುದು ಕಾಣಿಸಿತು.

“ಮಾವ,” ಎಂದ ನನ್ನ ಕಡೆ ತಿರುಗದೆ, “ಅಮ್ಮ ಹೀಗೆಯೇ ಇದ್ದರು ಅಲ್ವಾ? ನಾನು ಸಣ್ಣವನಿರುವಾಗ?”

“ಹೌದು. ಹೀಗೆಯೇ ಇದ್ದಳು.”

ನಾನು ಸುಳ್ಳು ಹೇಳಲಿಲ್ಲ. ಭಾವ ಇದ್ದಾಗ ಅಕ್ಕ ಕುಂಕುಮವನ್ನು ದೊಡ್ಡದಾಗಿಯೇ ಇಡುತ್ತಿದ್ದಳು. ಮದುವೆಯಾಗಿ ಹೋಗುವ ದಿನ ತೋಡು ದಾಟುವಾಗ ಬೆವರಿ ಅದು ಮೂಗಿನವರೆಗೆ ಇಳಿದಿತ್ತು. ನಾನು ಹೇಳಿದಾಗ ನಕ್ಕಿದ್ದಳು. ಆ ನಗುವನ್ನು ನಾನು ಮರೆತೇ ಬಿಟ್ಟಿದ್ದೆ. ಯಾರದ್ದೋ ಸೀರೆಯ ಮೇಲೆ ಅವಳ ಮುಖ ನೋಡಿ ನೆನಪಾಯಿತು.

“ಇದೇ ಇರಲಿ,” ಎಂದ ಮಹಾಗಣಪತಿ. “ಇದನ್ನೇ ಹಾಕುವ.”

“ವರ್ಷಾಂತಕ್ಕೆ ಬಂದವರು ಬಾಯಿಗೆ ಬಟ್ಟೆ ತುರುಕಿ ನಗ್ತಾರೆ,” ಎಂದಳು ಪರಮೇಶ್ವರಿ.

“ನಗಲಿ. ಐವತ್ತು ವರ್ಷ ಬಿಳಿ ಹಣೆಯಲ್ಲಿ ಇದ್ದರು. ಇನ್ನಾದರೂ ಇರಲಿ.”

ದೇವಕಿ ಆಗ ತಾನೇ ದೀಪಕ್ಕೆ ಬತ್ತಿ ಹೊಸೆದು ಎಣ್ಣೆಯ ಗಿಣ್ಣಲು ಹಿಡಿದು ಬಂದಿದ್ದಳು. ದಿನವೂ ಸಂಜೆ ಚಾವಡಿಯ ಫೋಟೊಗಳ ಎದುರು ದೀಪ ಇಡುವುದು ಅವಳ ಕೆಲಸ. ಅವಳು ಬಹಳ ಹೊತ್ತು ಅಕ್ಕನ ಹಣೆ ನೋಡಿದಳು.

“ಚಂದ ಉಂಟು ಭಾವ,” ಎಂದಳು. “ಹಾಕಿ. ಆದರೆ ಅದರ ಎದುರು ದೀಪ ಇಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಅದೊಂದು ಬೇರೆ ಯಾರಾದರೂ ನೋಡಿಕೊಳ್ಳಿ.”

“ಎಂತಕ್ಕೆ?”

“ವಾಣಿಯ ಅಪ್ಪ ಹೋದ ದಿನ ಬಾವಿಕಟ್ಟೆಯಲ್ಲಿ ನನ್ನ ಬಳೆ ಒಡೆದದ್ದು ಅತ್ತೆ. ಕುಂಕುಮ ಒರೆಸಿದ್ದು ಅತ್ತೆ, ಅವರ ಸೆರಗಿನಲ್ಲಿಯೇ. ನಾನು ಕೈ ಹಿಡಿದೆ. ವಾಣಿ ನೋಡ್ತಾಳೆ, ಈಗ ಬೇಡ ಅಂತ ಹೇಳಿದೆ. ನಾನು ಬಿಡಲಿಲ್ವಾ, ನೀನೂ ಬಿಡು ಅಂದರು.” ಅವಳ ಸ್ವರ ಏರಲಿಲ್ಲ. “ಅವರ ಮೇಲೆ ಸಿಟ್ಟಿಲ್ಲ ನನಗೆ. ಅವರಿಗೂ ಯಾರೋ ಹಾಗೆ ಮಾಡಿದ್ದು. ಎಂಟು ವರ್ಷ ಮಂತ್ರಾಕ್ಷತೆಯ ಅಕ್ಕಿಗೆ ಕೈ ಹಾಕಲಿಲ್ಲ, ಯಾರ ಮನೆ ಆರತಿಗೂ ಹೋಗಲಿಲ್ಲ. ಈಗ ನೀವು ಅವರಿಗೆ ಕುಂಕುಮ ಇಟ್ಟು ಗೋಡೆಗೆ ಹಾಕ್ತೀರಿ. ನಾನು ಬೋಳು ಹಣೆಯಲ್ಲಿ ಅದಕ್ಕೆ ದಿನಾ ದೀಪ ಇಡಬೇಕಾ?”

ಅವಳು ಎಣ್ಣೆಯ ಗಿಣ್ಣಲನ್ನು ಮೆಟ್ಟಿಲ ಮೇಲೆ ಇಟ್ಟು ಒಳಗೆ ಹೋದಳು. ಅಷ್ಟು ಮಾತನ್ನು ಒಟ್ಟಿಗೆ ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಅಂದು ದೀಪ ಇಟ್ಟದ್ದು ಪರಮೇಶ್ವರಿ. ಮರುದಿನವೂ ಅವಳೇ. ಮೂರನೇ ದಿನ ಗೊಣಗಿದಳು, “ದನಕ್ಕೆ ಹುಲ್ಲು ನಾನು, ಹಪ್ಪಳ ನಾನು, ಈಗ ದೀಪವೂ ನಾನು.” ದೇವಕಿ ಕೇಳಿಸಿಕೊಂಡು ಹುಲ್ಲು ಹಾಕಲು ತಾನು ಹೋದಳು. ದೀಪ ಮುಟ್ಟಲಿಲ್ಲ. ಫೋಟೊ ಇನ್ನೂ ಗೋಡೆಗೆ ಏರದೆ ಅಕ್ಕಿಮುಡಿಯ ಪಕ್ಕ ಗೋಡೆಗೆ ಮುಖ ಮಾಡಿ ಕೂತಿತ್ತು. ಅತ್ತ ಹೋಗುವಾಗ ಎಲ್ಲರೂ ಅದನ್ನು ಸುತ್ತು ಹಾಕಿ ಹೋಗುತ್ತಿದ್ದೆವು.

ವಾರ ಕಳೆದು ಮಹಾಗಣಪತಿ ನನ್ನನ್ನು ಕರೆದ. “ಮಾವ, ಸೀತಾಂಗೋಳಿಗೆ ಹೋಗಿ ಬರುವ. ಕುಂಕುಮ ತೆಗೆಸುವ. ಮನೆಯಲ್ಲಿ ಹೀಗೆ ಆದರೆ ಆಗುದಿಲ್ಲ.”

ಫೋಟೊವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೊದಲ್ಲಿ ಹೋದೆವು. ಯೋಗೀಶ್‌ಗೆ ಗಲಿಬಿಲಿಯಾಯಿತು.

“ನನಗೆ ಗೊತ್ತಿರಲಿಲ್ಲ ಅಣ್ಣ. ನೀವು ಒಂದು ಮಾತು ಹೇಳಬಹುದಿತ್ತು. ಎಲ್ಲರೂ ಚಂದ ಮಾಡು ಹೇಳ್ತಾರೆ, ನಾನು ಹಾಕುದು ಇದೇ.”

“ತಪ್ಪು ನಿನ್ನದಲ್ಲ ಮಾರಾಯ. ತೆಗೆದು ಕೊಡು.”

“ಎರಡು ನಿಮಿಷದ ಕೆಲಸ. ಕೂತುಕೊಳ್ಳಿ.”

ಅವನು ಕಂಪ್ಯೂಟರಿನಲ್ಲಿ ಅಕ್ಕನ ಮುಖವನ್ನು ತಂದ, ಪರದೆ ತುಂಬ ದೊಡ್ಡದು ಮಾಡಿದ. ಕರಿಮಣಿಯನ್ನು ಮೊದಲು ಅಳಿಸಿದ. ಒಂದೊಂದೇ ಮಣಿ ಮಾಯವಾಗಿ ಕುತ್ತಿಗೆ ಬರಿದಾಯಿತು. ಮತ್ತೆ ಹಣೆಗೆ ಬಂದ. ಕುಂಕುಮದ ಅಂಚನ್ನು ಸ್ವಲ್ಪ ಸ್ವಲ್ಪವೇ ಒರೆಸುತ್ತ ಒಳಗೆ ಒಳಗೆ ಹೋದ. ಅರ್ಧ ಹೋಗಿತ್ತು.

“ಸಾಕು,” ಎಂದ ಮಹಾಗಣಪತಿ. “ನಿಲ್ಲಿಸು.”

“ಇನ್ನು ಸ್ವಲ್ಪ ಉಂಟಷ್ಟೆ.”

“ನಿಲ್ಲಿಸು ಹೇಳಿದೆ. ಮೊದಲಿನ ಹಾಗೆ ಮಾಡು.”

ಯೋಗೀಶ್ ನನ್ನ ಮುಖ ನೋಡಿದ. ನಾನು ತಲೆ ಆಡಿಸಿದೆ. ಅವನು ಏನೋ ಒತ್ತಿದ, ಕುಂಕುಮವೂ ಕರಿಮಣಿಯೂ ಹಿಂದೆ ಬಂದವು.

ಹೊರಗೆ ಆಟೊ ಕಾಯುತ್ತ ನಿಂತಾಗ ಮಹಾಗಣಪತಿ ಹೇಳಿದ, “ಅಪ್ಪ ಹೋದಾಗ ನನ್ನನ್ನು ಪಕ್ಕದ ಮನೆಗೆ ಕಳಿಸಿದ್ದರಲ್ಲ ಮಾವ. ನಾನು ಓಡಿ ಬಂದಿದ್ದೆ. ಒಗೆಯುವ ಕಲ್ಲಿನ ಹಿಂದೆ ಇದ್ದೆ. ಇದೇ ಹೀಗೆಯೇ ಒರೆಸಿದ್ದು. ಅಮ್ಮ ಒಂದು ಸಲ ಬೇಡ ಹೇಳಿದರು. ಮತ್ತೆ ಸುಮ್ಮನಾದರು.”

ಆ ದಿನ ನಾನೂ ಆ ಮನೆಯಲ್ಲಿದ್ದೆ. ಹುಡುಗ ನೋಡಿದ್ದನೆಂದು ನನಗೆ ಗೊತ್ತಿರಲಿಲ್ಲ.

“ತಮ್ಮ ಹೋದಾಗ ಅಮ್ಮ ದೇವಕಿಯನ್ನು ಬಾವಿಕಟ್ಟೆಗೆ ಕರಕೊಂಡು ಹೋಗುದು ನನಗೆ ಗೊತ್ತಿತ್ತು,” ಎಂದ. “ನಾನು ಮಾರ್ಗಕ್ಕೆ ಹೋಗಿ ನಿಂತೆ. ಆಂಬ್ಯುಲೆನ್ಸಿನವನ ಹತ್ತಿರ ಎಂತದ್ದೋ ಮಾತಾಡ್ತಾ ನಿಂತೆ.”

ಆಟೊ ಬಂತು. ದಾರಿಯುದ್ದಕ್ಕೂ ಅವನು ಫೋಟೊವನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದ.

ಮನೆಗೆ ಬಂದವನು ಕೈಕಾಲು ತೊಳೆದು ಚಾವಡಿಯಲ್ಲಿ ಫೋಟೊವನ್ನು ತಾನೇ ಗೋಡೆಗೆ ಹಾಕಿದ. ಎಣ್ಣೆ, ಬತ್ತಿ ಹುಡುಕಿ ತಂದು ದೀಪ ಇಟ್ಟ. ಒಲೆಗೆ ಬೆಂಕಿ ಮಾಡುವ ಕೈಗೆ ದೀಪ ಹಚ್ಚಲು ನಾಲ್ಕು ಬೆಂಕಿಕಡ್ಡಿ ಬೇಕಾಯಿತು. ಆ ಮೇಲೆ ಒಳಗೆ ಕರೆದ.

“ದೇವಕೀ, ಇಲ್ಲಿ ಬಾ. ದೀಪ ಇನ್ನು ನಾನು ಇಡ್ತೇನೆ. ಹೊರಗೆ ಅಡಿಗೆಗೆ ಹೋದ ದಿನ ಮಾವ ಇಡ್ತಾರೆ. ಮತ್ತೆ, ಮದುವೆಯಲ್ಲಿ ಧಾರೆಗೆ ನೀನು ನಿಲ್ಲು.”

ಪರಮೇಶ್ವರಿ ಅಡಿಗೆಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು. “ಹಾಗಾದರೆ ನಾನು?”

“ನೀನು... ನೀನೂ ಇರು.”

“ಎಲ್ಲಿ ಇರುದು? ನಿಮ್ಮ ಹತ್ತಿರ ನಿಂತು ನೀರು ಎರೆಯುವವಳು ಒಬ್ಬಳೇ. ಅವಳು ಬಂದರೆ ನಾನು ಅಡಿಗೆಮನೆಗಾ? ಒಬ್ಬರನ್ನು ಹೊರಗೆ ತರ್ಲಿಕ್ಕೆ ಇನ್ನೊಬ್ಬರನ್ನು ಒಳಗೆ ಹಾಕ್ತೀರಾ?”

“ದೊಡ್ಡಮ್ಮಾ, ಹಾಗಲ್ಲ,” ಎಂದಳು ಶ್ರೀವಾಣಿ.

“ಹೇಗಲ್ಲ? ನೀನು ಒಂದು ತಿಂಗಳಿಂದ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನಾನು ನಿನ್ನ ಅಮ್ಮನ ಜಾಗ ಕದ್ದೆ ಅಲ್ವಾ? ಇಷ್ಟು ವರ್ಷ ನನಗೆ ಎರಡು ಅಮ್ಮ ಅಂತ ಹೇಳ್ತಿದ್ದಿ, ಸುಳ್ಳಾ ಅದು?”

ಶ್ರೀವಾಣಿ ಅಳತೊಡಗಿದಳು. ಮಹಾಗಣಪತಿ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡ. ದೊಡ್ಡ ದೊಡ್ಡ ಮದುವೆಗಳಿಗೆ ಅಡಿಗೆ ಸುಧಾರಿಸಿದವನಿಗೆ ನಾಲ್ಕು ಜನರನ್ನು ಸುಧಾರಿಸಲು ಆಗಲಿಲ್ಲ.

ಕೊನೆಗೆ ದೇವಕಿಯೇ ಮಾತಾಡಿದಳು. “ಧಾರೆ ಅಕ್ಕ ಎರೆಯಲಿ. ಅದು ಅವರದ್ದೇ. ನನಗೆ ಅದು ಬೇಡ.” ಮಗಳು ಬಾಯಿ ತೆರೆದದ್ದನ್ನು ನೋಡಿ ಕೈ ಎತ್ತಿದಳು. “ಆದರೆ ಅವತ್ತು ನಾನು ಅಡಿಗೆಮನೆಗೆ ಹೋಗುದಿಲ್ಲ. ಕೋಣೆಯಲ್ಲೂ ಕೂರುದಿಲ್ಲ. ವಾಣಿಯ ಹಿಂದೆ ನಿಲ್ತೇನೆ. ಯಾರಾದರೂ ಎಂತ ಹೇಳಿದರೂ ನಿಲ್ತೇನೆ. ಅಷ್ಟೇ.”

“ಬಾಯಾರಿನ ಹುಡುಗನ ಅಜ್ಜಿ ಸುಮ್ಮನೆ ಇರ್ಲಿಕ್ಕಿಲ್ಲ,” ಎಂದಳು ಪರಮೇಶ್ವರಿ, ಸ್ವರ ಸ್ವಲ್ಪ ಇಳಿಸಿ.

“ಹೇಳಲಿ ಅಕ್ಕ. ಕೇಳಿಸಿಕೊಂಡು ನನಗೆ ಅಭ್ಯಾಸ ಉಂಟು.”

ಆ ಮೇಲೆ ಎಲ್ಲರೂ ಗಂಜಿ ಉಂಡೆವು. ಚಟ್ನಿಗೆ ಉಪ್ಪು ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ.

ವರ್ಷಾಂತ ಕಳೆಯಿತು. ಬಂದವರು ಫೋಟೊ ನೋಡಿದರು. ಕೆಲವರು ಕೆಮ್ಮಿದರು. ಶಂಕರಿಯಮ್ಮನಿಗೆ ಕುಂಕುಮ ಎಲ್ಲಿಂದ ಬಂತು ಅಂತ ಒಬ್ಬರು ಕೇಳಿಯೇ ಕೇಳಿದರು. “ಸೀತಾಂಗೋಳಿಯಿಂದ,” ಎಂದು ಮಹಾಗಣಪತಿ ಅವರ ಎಲೆಗೆ ಇನ್ನೆರಡು ವಡೆ ಬಡಿಸಿದ.

ಮದುವೆ ದೇವಸ್ಥಾನದ ಸಭಾಭವನದಲ್ಲಿ. ಅಡಿಗೆಯನ್ನು ಮಹಾಗಣಪತಿ ತನ್ನ ಜೊತೆ ಕೆಲಸ ಮಾಡುವ ಪ್ರವೀಣನಿಗೆ ಒಪ್ಪಿಸಿದ್ದ. ಆದರೂ ಬೆಳಗಿನಿಂದ ಮಡಿ ಎತ್ತಿ ಕಟ್ಟಿ ಮೂರು ಸಲ ಅತ್ತ ಹೋಗಿ ಬೈಸಿಕೊಂಡು ಬಂದಿದ್ದ.

ಹೊರಡುವ ಮೊದಲು ಶ್ರೀವಾಣಿ ಅಮ್ಮನ ಹಣೆಗೆ ಒಂದು ಸಣ್ಣ ಬಿಂದಿ ಅಂಟಿಸಲು ಬಂದಳು.

“ಬೇಡ. ತುರಿಸ್ತದೆ,” ಎಂದಳು ದೇವಕಿ.

“ಒಂದು ದಿನಕ್ಕೆ.”

“ಒಂದು ದಿನಕ್ಕೆ ಎಂತಕ್ಕೆ? ನಾನು ಹೀಗೆಯೇ ನಿಲ್ತೇನೆ. ನಿನಗೆ ಹೊತ್ತಾಯಿತು.”

ಮುಹೂರ್ತಕ್ಕೆ ಮೊದಲು ಮಂಟಪದ ಸುತ್ತ ಜನ ತುಂಬಿತು. ನಾನು ಕಂಬದ ಹತ್ತಿರ ಕುರ್ಚಿಯಲ್ಲಿದ್ದೆ. ದೇವಕಿ ಕಂದು ಬಣ್ಣದ ಸೀರೆ ಉಟ್ಟು ಮಗಳ ಹಿಂದೆ ನಿಂತಳು. ಕೈ ಎಲ್ಲಿ ಇಡಬೇಕೆಂದು ಗೊತ್ತಾಗದೆ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಜಿತೇಂದ್ರನ ಅಜ್ಜಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಪಕ್ಕದವರು ಇನ್ನೊಬ್ಬರಿಗೆ ಹೇಳಿದರು. ಅದು ಸುತ್ತಿ ಮಂತ್ರ ಹೇಳುವ ಭಟ್ಟರವರೆಗೆ ಬಂತು.

ಭಟ್ಟರು ಮೆಲ್ಲ ಹೇಳಿದರು, “ಅಮ್ಮ, ಸ್ವಲ್ಪ ಹಿಂದೆ. ಧಾರೆಯ ಹೊತ್ತು.”

ದೇವಕಿ ಹಿಂದೆ ಹೋಗಲಿಲ್ಲ. ಮುಂದೆಯೂ ಬರಲಿಲ್ಲ. ಶ್ರೀವಾಣಿ ತಿರುಗಿ ನೋಡಿದಳು. ಅವಳು ಎದ್ದೇಬಿಡುತ್ತಾಳೆಂದು ನನಗೆ ಅನಿಸಿತು. ಮಹಾಗಣಪತಿ ಬೆವರುತ್ತಿದ್ದ.

ಪರಮೇಶ್ವರಿ ನೀರಿನ ಗಿಂಡಿ ಎತ್ತಿ ಹಿಡಿದು ಗಂಡನ ಪಕ್ಕದಲ್ಲಿದ್ದಳು. ಕೆಂಪು ಪಟ್ಟೆ ಸೀರೆ, ತಲೆ ತುಂಬ ಮಲ್ಲಿಗೆ. ಅವಳು ಭಟ್ಟರನ್ನು ನೋಡಿದಳು, ಬಾಯಾರಿನ ಅಜ್ಜಿಯನ್ನು ನೋಡಿದಳು.

“ದೇವಕೀ,” ಎಂದಳು, ಹತ್ತು ಜನಕ್ಕೆ ಕೇಳುವ ಹಾಗೆ. “ಗಿಂಡಿ ಭಾರ ಆಗ್ತದೆ ಮಾರಾಯ್ತಿ. ನನ್ನ ಭುಜ ನೋಯ್ತದೆ. ಬಂದು ಒಂದು ಕೈ ಹಿಡಿ.”

ಅದು ಅಂಗೈಯಷ್ಟೇ ಇದ್ದ ಬೆಳ್ಳಿ ಗಿಂಡಿ. ಅರ್ಧ ನೀರು.

ದೇವಕಿ ಅಲ್ಲಾಡಲಿಲ್ಲ.

“ಬಾ ಅಂದೆನಲ್ಲ. ಕೈಯಿಂದ ಜಾರಿದರೆ ನೀರು ಬಿದ್ದು ನಿನ್ನ ಮಗಳ ಸೀರೆ ಚಂಡಿ ಆಗ್ತದೆ.”

ದೇವಕಿ ಬಂದಳು. ಮಂಟಪದಲ್ಲಿ ಹರಡಿದ್ದ ಅಕ್ಕಿಯ ಮೇಲೆ ಕಾಲಿಡದ ಹಾಗೆ ಸುತ್ತಿ ಬಂದು, ಪರಮೇಶ್ವರಿಯ ಕೈಯ ಕೆಳಗೆ ತನ್ನ ಕೈ ಇಟ್ಟಳು. ಭಟ್ಟರು ಒಂದು ಕ್ಷಣ ನಿಂತು ಮಂತ್ರ ಸುರು ಮಾಡಿದರು. ಗಿಂಡಿಯ ಮೂತಿಯಿಂದ ನೀರು ಇಳಿಯಿತು. ಯೋಗೀಶ್ ಕೆಳಗಿನಿಂದ “ಎಲ್ಲರೂ ಈ ಕಡೆ ನೋಡಿ, ಅಮ್ಮ ನೀವೂ,” ಎಂದ. ದೇವಕಿ ನೋಡಲಿಲ್ಲ. ಅವಳ ಕಣ್ಣು ಮಗಳ ಕೈಯ ಮೇಲೆಯೇ ಇತ್ತು.

ಊಟದ ಹೊತ್ತಿಗೆ ಗೊತ್ತಾಯಿತು, ಧಾರೆ ನೋಡಲು ಪ್ರವೀಣನೂ ಬಂದು ನಿಂತುಬಿಟ್ಟಿದ್ದ, ಪಾಯಸಕ್ಕೆ ತಳ ಹಿಡಿದಿತ್ತು. ಮಹಾಗಣಪತಿ ತಲೆ ಮೇಲೆ ಕೈ ಇಟ್ಟುಕೊಂಡ. ದೇವಕಿ ಅಭ್ಯಾಸದ ಮೇಲೆ ಸೌಟು ಹಿಡಿಯಲು ಎದ್ದಳು. ಪರಮೇಶ್ವರಿ ಅವಳ ಸೆರಗು ಹಿಡಿದು ಎಲೆಯ ಮುಂದೆ ಕೂರಿಸಿದಳು.

“ಕೂತುಕೋ. ಹಸಿವಾಗ್ತದೆ ನನಗೆ.”

ಅಕ್ಕಪಕ್ಕ ಕೂತು ಇಬ್ಬರೂ ತಳ ಹಿಡಿದ ಪಾಯಸವನ್ನು ಉಂಡರು. ಎರಡನೆಯ ಸಲ ಬಡಿಸಲು ಬಂದಾಗ ದೇವಕಿ ಬೇಡ ಎನ್ನಲಿಲ್ಲ.